ದೊಡ್ಡಮ್ಮನ ಹೆಸರಿನ ಚೀಟಿ

ನಮ್ಮ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಎರಡು ಮೇಜುಗಳಿವೆ. ಗೋಂದು, ದಾರ, ದಬ್ಬಳ, ರಟ್ಟು ಹರಡಿಕೊಂಡಿರುವುದು ನನ್ನದು. ಹರಿದ ಪುಸ್ತಕಗಳಿಗೆ ಬೈಂಡು ಹಾಕುವವನು ನಾನು. ಮೇಲಿನ ಮಹಡಿಯವರಿಗೆಲ್ಲ ಗೋಂದಣ್ಣ. ನಿವೃತ್ತಿಯ ವಯಸ್ಸು ದಾಟಿ ಒಂದು ವರ್ಷವಾಯಿತು, ಬೇರೆ ಯಾರೂ ಸಿಗಲಿಲ್ಲವೆಂದು ಇಟ್ಟುಕೊಂಡಿದ್ದಾರೆ. ಎದುರಿನ ಮೇಜು ಚೀಟಿಯಕ್ಕನದು. ಒಂದು ಪುಸ್ತಕ ಬಂದರೆ ಅದನ್ನು ಬರೆದವರು ಯಾರು, ವಿಷಯ ಏನು, ಯಾವ ಕಪಾಟಿನಲ್ಲಿ ಸಿಗುತ್ತದೆ ಎಂದು ಕ್ಯಾಟಲಾಗಿನಲ್ಲಿ ದಾಖಲಿಸುವುದು ಅವಳ ಕೆಲಸ. ಹಿಂದೆ ಅದನ್ನೆಲ್ಲ ದಪ್ಪ ಕಾಗದದ ಚೀಟಿಗಳ ಮೇಲೆ ಬರೆಯುತ್ತಿದ್ದರು. ಚೀಟಿಗಳು ಹೋಗಿ ಕಂಪ್ಯೂಟರ್ ಬಂದರೂ ಅಡ್ಡಹೆಸರು ಹೋಗಲಿಲ್ಲ. ನನಗಿಂತ ನಾಲ್ಕು ವರ್ಷ ಚಿಕ್ಕವಳು. ಮುಖದೆದುರು ಅಕ್ಕ, ನೀವು ಎಂದೆಲ್ಲ ಅನ್ನುತ್ತೇನೆ. ಬರೆಯುವಾಗ ಅವಳು ಎಂದೇ ಬರುತ್ತದೆ. ಮೂವತ್ತಮೂರು ವರ್ಷ ಒಬ್ಬರ ಕೆಮ್ಮು ಕೇಳಿಸಿಕೊಂಡವನಿಗೆ ಅಷ್ಟು ಸಲಿಗೆ ಇರಬೇಕು.

ಅವಳಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಆದರೆ ಕೂಗಾಡುವವಳಲ್ಲ. ಸಿಟ್ಟು ಬಂದರೆ ಪೆನ್ಸಿಲ್ ಚೂಪು ಮಾಡುತ್ತಾಳೆ. ಎಂಥ ಸಿಟ್ಟು ಎಂಬುದನ್ನು ನಾನು ಕಸದ ಬುಟ್ಟಿ ನೋಡಿ ಹೇಳಬಲ್ಲೆ. ಕಳೆದ ಹದಿನೆಂಟು ವರ್ಷಗಳಲ್ಲಿ ಅವಳು ಕೆರೆದು ಎಸೆದ ಪೆನ್ಸಿಲ್ ಹೊಟ್ಟನ್ನು ತುಂಬಿದ್ದರೆ ಒಂದು ಹಾಸಿಗೆ ಆಗುತ್ತಿತ್ತು. ಆ ಸಿಟ್ಟಿನ ಕಥೆಯೇ ಇದು. ಅದರ ಅರ್ಧ ಅವಳ ಮೇಲೆಯೇ ಇದ್ದದ್ದು ಎಂಬುದು ನನಗೆ ಗೊತ್ತಾಗಲು ಬಹಳ ದಿನ ಹಿಡಿಯಿತು.

ಅವಳ ತಾಯಿ ತೀರಿಕೊಂಡಾಗ ಅವಳಿಗೆ ಒಂಬತ್ತು ವರ್ಷ. ತಂದೆ ಹಡಗಿನಲ್ಲಿ ಕೆಲಸಕ್ಕಿದ್ದವರು. ಮೊದಮೊದಲು ಕಾಗದ ಬರುತ್ತಿತ್ತು, ಆಮೇಲೆ ಅದೂ ನಿಂತಿತು. ಸಾಕಿದ್ದು ತಾಯಿಯ ಅಕ್ಕ, ಅಂದರೆ ದೊಡ್ಡಮ್ಮ. ಅದೇ ವರ್ಷ ದೊಡ್ಡಮ್ಮ ಗಂಡನ ಮನೆ ಬಿಟ್ಟು ಒಂದು ಪೆಟ್ಟಿಗೆ, ಒಂದು ಹೊಲಿಗೆ ಮಷೀನು ಹೊತ್ತುಕೊಂಡು ಬಂದು, ಬೀಗದ ಕೈ ಮಾಡುವವನ ಅಂಗಡಿಯ ಮೇಲೆ ಎರಡು ಕೋಣೆ ಹಿಡಿದಿದ್ದರು. ಇಬ್ಬರೂ ಹೆಚ್ಚುಕಮ್ಮಿ ಒಂದೇ ವಾರ ಆ ಮೆಟ್ಟಿಲು ಹತ್ತಿದವರು. ಕೆಳಗೆ ದಿನವಿಡೀ ಅರದ ಕರಕರ, ಮೇಲೆ ಮಷೀನಿನ ಕಟಕಟ. ಆ ಮನೆಯಲ್ಲಿ ಬೆಳೆದದ್ದರಿಂದಲೇ ಏನೋ, ಚೀಟಿಯಕ್ಕನಿಗೆ ನೆಲಮಾಳಿಗೆಯ ಮೌನ ಕಂಡರೆ ಪ್ರಾಣ.

ದೊಡ್ಡಮ್ಮ ಹೊಲಿಗೆ ಶಾಲೆಯಲ್ಲಿ ಟೀಚರು. ಕಿಟಕಿಯ ಪಕ್ಕದ ಗೋಡೆಗೆ ಮೊಳೆ ಹೊಡೆದು ಹಲಗೆ ಕೂರಿಸಿ, ಅದರ ಮೇಲೆ ನಲವತ್ತೋ ಐವತ್ತೋ ತಗಡಿನ ಡಬ್ಬಿ ಇಟ್ಟಿದ್ದರು. ಗುಂಡಿ, ಹುಕ್ಕು, ಜಿಪ್ಪು, ಲೇಸು. ಆ ಡಬ್ಬಿಗಳಿಗೆ ಹೆಸರು ಬರೆದು ಅಂಟಿಸುವುದು ಹುಡುಗಿಯ ಕೆಲಸ. "ಮೇಲೆ ಬರ್ದಿದ್ದು ಒಳಗಿರ್ಬೇಕು, ಒಳಗಿರೋದು ಮೇಲೆ ಬರ್ದಿರ್ಬೇಕು. ಇಲ್ದಿದ್ರೆ ಡಬ್ಬಿ ಯಾಕೆ, ನೆಲದ ಮೇಲೇ ಸುರ್ಕೋಬಹುದಲ್ಲ" ಎನ್ನುತ್ತಿದ್ದರಂತೆ ದೊಡ್ಡಮ್ಮ. ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಗ್ರಂಥಾಲಯದ ಕೆಲಸಕ್ಕೆ ಬಂದವಳಿಗೆ ಬೇರೆ ತರಬೇತಿ ಬೇಕಾಗಲಿಲ್ಲ.

ದೊಡ್ಡಮ್ಮ ಒಂದು ಪುಸ್ತಕ ಬರೆದಿದ್ದರು. ಇಪ್ಪತ್ತೆರಡನೇ ವಯಸ್ಸಿನಲ್ಲಿ, ಮದುವೆಗೆ ಮೊದಲು. ಬಟ್ಟೆಯನ್ನು ಒಂದು ಚೂರೂ ದಂಡವಾಗದಂತೆ ಕತ್ತರಿಸುವುದು ಹೇಗೆ ಎಂಬ ಪುಸ್ತಕ, ನೂರ ಹನ್ನೆರಡು ಪುಟ, ಚಿತ್ರಗಳೆಲ್ಲ ಅವರೇ ಗೆರೆ ಎಳೆದು ಬರೆದದ್ದು. ಮೊದಲ ಮುದ್ರಣವನ್ನು ಹೊಲಿಗೆ ಶಾಲೆಯವರು ಹಾಕಿದರು, ತವರುಮನೆಯ ಹೆಸರಿನಲ್ಲಿ. ಮದುವೆಯಾದ ಮೇಲೆ ಎರಡನೆಯದನ್ನೂ ಮೂರನೆಯದನ್ನೂ ಗಂಡ ಹಾಕಿಸಿದ. ಅವನದು ಬಟ್ಟೆ ಅಂಗಡಿ; ಹಿಂದಿನ ರಟ್ಟಿನ ಮೇಲೆ ಅಂಗಡಿಯ ಜಾಹೀರಾತು, ಮುಂದಿನ ರಟ್ಟಿನ ಮೇಲೆ ದೊಡ್ಡಮ್ಮನ ಹೆಸರು ಅವನ ಮನೆತನದ ಹೆಸರಿನೊಂದಿಗೆ. ಆ ಮೂರನೇ ಮುದ್ರಣ ಬಟ್ಟೆ ವ್ಯಾಪಾರದ ಜೊತೆಗೇ ಎಲ್ಲೆಲ್ಲಿಗೋ ಹೋಯಿತು, ದೇಶ ದೇಶದ ಗ್ರಂಥಾಲಯ ಸೇರಿತು. ಮದುವೆಯಾದ ಆರು ವರ್ಷಕ್ಕೆ ದೊಡ್ಡಮ್ಮ ಆ ಮನೆಯಿಂದ ಹೊರಬಿದ್ದರು. ಹೊರಬಿದ್ದ ದಿನದಿಂದ ತವರಿನ ಹೆಸರೇ. ಶಾಲೆಯ ಹಾಜರಿ ಪುಸ್ತಕದಲ್ಲಿ, ಬಾಗಿಲ ಮೇಲಿನ ತಗಡಿನಲ್ಲಿ, ಕರೆಂಟಿನ ಬಿಲ್ಲಿನಲ್ಲಿ ಎಲ್ಲ ಅದೇ. ಆದರೆ ಮತ್ತೆ ಪುಸ್ತಕ ಬರೆಯಲಿಲ್ಲ. ಅಲ್ಲಿ ಏನು ನಡೆದಿತ್ತೆಂದು ಸಾಕಿದ ಮಗಳಿಗೂ ಹೇಳಲಿಲ್ಲ. ಕೇಳಿದರೆ ಬಾಯಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಬಟ್ಟೆಯ ಕಡೆ ತಿರುಗುತ್ತಿದ್ದರಂತೆ.

ಇಷ್ಟು ಹಿನ್ನೆಲೆ. ಈಗ ಕೂಟದ ವಿಚಾರಕ್ಕೆ ಬರುತ್ತೇನೆ.

ಹತ್ತೊಂಬತ್ತು ವರ್ಷದ ಹಿಂದೆ ಮೂವತ್ತೆಂಟು ದೇಶಗಳ ಗ್ರಂಥಾಲಯಗಳು ಒಂದಾಗಿ ಒಂದೇ ಕ್ಯಾಟಲಾಗು ಮಾಡಿಕೊಳ್ಳುವುದೆಂದು ತೀರ್ಮಾನವಾಯಿತು. ನಮ್ಮದೂ ಆ ಕೂಟ ಸೇರಿತು. ಒಬ್ಬ ಲೇಖಕನನ್ನು ಒಂದು ದೇಶದಲ್ಲಿ ಒಂದು ಹೆಸರಿನಿಂದಲೂ ಇನ್ನೊಂದು ದೇಶದಲ್ಲಿ ಇನ್ನೊಂದು ಹೆಸರಿನಿಂದಲೂ ಹುಡುಕುವ ಗೋಳು ತಪ್ಪಬೇಕು, ಒಬ್ಬ ಮನುಷ್ಯನಿಗೆ ಜಗತ್ತಿನಲ್ಲೆಲ್ಲ ಒಂದೇ ದಾಖಲೆ, ಒಂದೇ ಹೆಸರು, ಒಂದೇ ಸಂಖ್ಯೆ ಇರಬೇಕು ಎನ್ನುವುದು ಉದ್ದೇಶ. ಉದ್ದೇಶ ಚಿನ್ನದಂಥದ್ದೇ. ನಿಯಮಗಳು ಮೂರು ಸಂಪುಟ ಬಂದವು. ಒಂದೊಂದೂ ತಲೆದಿಂಬಿನಷ್ಟು ದಪ್ಪ. ಬೈಂಡು ಹಾಕಿದವನು ನಾನು, ಬೆನ್ನು ಬಿದ್ದುಹೋಯಿತು, ಪುಸ್ತಕದ್ದಲ್ಲ, ನನ್ನದು. ಚೀಟಿಯಕ್ಕ ಅವನ್ನು ಕಾದಂಬರಿ ಓದಿದಂತೆ ಓದಿದಳು. ಡಬ್ಬಿಯ ಮೇಲೆ ಬರೆದದ್ದು ಒಳಗಿರಬೇಕು ಎಂದು ಕಲಿತವಳಿಗೆ ಇಡೀ ಜಗತ್ತೇ ಒಂದು ಹಲಗೆಯಾಗಿ ಕಂಡಿರಬೇಕು.

ಆ ನಿಯಮಗಳಲ್ಲಿ ಒಂದು ಹೀಗಿತ್ತು: ಲೇಖಕರು ಹೆಸರು ಬದಲಾಯಿಸಿಕೊಂಡಿದ್ದರೆ, ತೀರ ಇತ್ತೀಚೆಗೆ ಅಚ್ಚಾದ ಪುಸ್ತಕದಲ್ಲಿರುವ ಹೆಸರೇ ಅಧಿಕೃತ ಹೆಸರು. ಹಳೆಯ ಹೆಸರಿನಲ್ಲಿ ಹುಡುಕಿದವರಿಗೆ 'ಇದನ್ನು ನೋಡಿ' ಎಂದು ದಾರಿ ತೋರಿಸಬೇಕು. ಚೀಟಿಯಕ್ಕ ನಮ್ಮಲ್ಲಿದ್ದ ಪುಸ್ತಕಗಳನ್ನೆಲ್ಲ ಜಾಲಾಡಿ, ಎರಡು ಹೆಸರಿನಲ್ಲಿ ಹಂಚಿಹೋಗಿದ್ದ ಲೇಖಕರನ್ನು ಹುಡುಕಿ ಹುಡುಕಿ ಒಂದು ಮಾಡತೊಡಗಿದಳು. ಒಂದು ಮಾಡಿದ ಪ್ರತಿಯೊಬ್ಬರನ್ನೂ ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು: ಎಡಕ್ಕೆ ಹಳೆಯ ಹೆಸರು, ಬಲಕ್ಕೆ ಹೊಸದು, ಕೆಳಗೆ ತಾರೀಖು. "ಇವತ್ತು ಆರು ಜನಾನ ಸೇರಿಸ್ದೆ ಗೋಂದಣ್ಣ" ಎನ್ನುತ್ತಿದ್ದಳು. "ನಾನು ಹಗಲೆಲ್ಲ ಅಂಟಿಸಿದ್ರೂ ನಾಲ್ಕು ದಾಟಲ್ಲ, ನಿಮ್ಮದೇನು ಗೋಂದು ಅಕ್ಕ?" ಎಂದು ನಾನು ರೇಗಿಸುತ್ತಿದ್ದೆ.

ಆ ಹುಮ್ಮಸ್ಸಿನಲ್ಲೇ ಅವಳು ದೊಡ್ಡಮ್ಮನ ಪುಸ್ತಕಕ್ಕೂ ಕೈ ಹಾಕಿದಳು. ಕ್ಯಾಟಲಾಗಿನಲ್ಲಿ ಅವರು ಇಬ್ಬರಾಗಿದ್ದರು: ಮೊದಲ ಮುದ್ರಣ ಬರೆದ ಒಬ್ಬಾಕೆ, ಎರಡು ಮೂರನೆಯದನ್ನು ಬರೆದ ಇನ್ನೊಬ್ಬಾಕೆ. ಇಬ್ಬರೂ ಒಬ್ಬರೇ ಎಂದು ಅವಳಿಗಿಂತ ಚೆನ್ನಾಗಿ ಗೊತ್ತಿದ್ದವರು ಯಾರು? ನಿಯಮದ ಪ್ರಕಾರ ಸೇರಿಸಿದಳು. ಇತ್ತೀಚೆಗೆ ಅಚ್ಚಾದದ್ದು ಮೂರನೇ ಮುದ್ರಣ. ಅದರ ಮೇಲಿದ್ದದ್ದು ಗಂಡನ ಮನೆಯ ಹೆಸರು. ಅದನ್ನೇ ಅಧಿಕೃತ ಮಾಡಿ ಕೂಟಕ್ಕೆ ಕಳಿಸಿದಳು. ಆ ಹೊತ್ತಿನಲ್ಲಿ ಅವಳ ಕಣ್ಣಿಗೆ ಬಿದ್ದದ್ದು ಹೆಸರಲ್ಲ, ಪಕ್ಕದ ಅಂಕಿ: ಆ ಪುಸ್ತಕ ಹತ್ತೊಂಬತ್ತು ದೇಶ, ಅರವತ್ತಮೂರು ಗ್ರಂಥಾಲಯದಲ್ಲಿತ್ತು.

ದೊಡ್ಡಮ್ಮ ಶಾಲೆಯಿಂದ ನಿವೃತ್ತರಾದ ದಿನ ಚೀಟಿಯಕ್ಕ ಆ ದಾಖಲೆಯನ್ನು ದಪ್ಪ ಕಾಗದದ ಮೇಲೆ ಅಚ್ಚು ಹಾಕಿಸಿದಳು. ಚೌಕಟ್ಟು ಕಟ್ಟಿಕೊಟ್ಟವನು ನಾನು, ಅಂಚಿಗೆ ನೀಲಿ ಬಟ್ಟೆ. ಸಂಜೆ ಇಬ್ಬರೂ ಹೋದೆವು. ಕೋಣೆಯ ತುಂಬ ಹಳೆಯ ವಿದ್ಯಾರ್ಥಿಗಳು, ಚಹಾದ ಲೋಟಗಳು. ದೊಡ್ಡಮ್ಮ ಕನ್ನಡಕ ಏರಿಸಿಕೊಂಡು ಚೌಕಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮೇಲಿನ ಸಾಲನ್ನು ಓದಿದರು. ಇನ್ನೊಮ್ಮೆ ಓದಿದರು.

"ಇದು ಎಲ್ಲಾ ದೇಶಕ್ಕೂ ಹೋಗಿದ್ಯಾ?"

"ಹೂಂ ದೊಡ್ಡಮ್ಮ, ಮೂವತ್ತೆಂಟಕ್ಕೂ."

"ಈ ಹೆಸರಲ್ಲಿ?"

ಆಗ ಚೀಟಿಯಕ್ಕನಿಗೆ ಹೊಳೆಯಿತು. ಕೈಯಲ್ಲಿದ್ದ ಲೋಟವನ್ನು ಪಕ್ಕದಲ್ಲಿದ್ದ ನನಗೆ ಕೊಟ್ಟಳು. ನಿಯಮ ಹಾಗಿದೆ ದೊಡ್ಡಮ್ಮ, ಅಚ್ಚಿನಲ್ಲಿ ಕೊನೆಗೆ ಬಂದ ಹೆಸರನ್ನೇ ಇಡಬೇಕು ಎಂದೇನೋ ತೊದಲಿದಳು. ದೊಡ್ಡಮ್ಮ ಚೌಕಟ್ಟನ್ನು ಮಷೀನಿನ ಮೇಲೆ ಬೋರಲು ಹಾಕಿದರು.

"ಪುಸ್ತಕದ ಕಟ್ಟು ಮನೆಗೆ ಬಂದಾಗ್ಲೇ ನನಗೆ ಗೊತ್ತಾಗಿದ್ದು, ಅವನು ಹೆಸರು ಬದಲಾಯ್ಸಿದಾನೆ ಅಂತ. ಅವನೂ ಕೇಳಿರ್ಲಿಲ್ಲ" ಎಂದರು. ಅಷ್ಟೇ. ಆಮೇಲೆ ಬಂದವರಿಗೆಲ್ಲ ಬಿಸ್ಕತ್ತು ಕೊಟ್ಟರು, ನನಗೆ ಎರಡು ಕೊಟ್ಟರು.

ಮರುದಿನವೇ ಚೀಟಿಯಕ್ಕ ಕೂಟದ ಹೆಸರುಗಳ ಸಮಿತಿಗೆ ಬರೆದಳು: ತಪ್ಪಾಗಿದೆ, ಹೆಸರು ತಿರುಗಿಸಿ. ಹಾಕಲು ಒಂದು ಬೆಳಿಗ್ಗೆ ಸಾಕಾಗಿತ್ತು; ತೆಗೆಯಲು ಹದಿನೆಂಟು ವರ್ಷ ಹಿಡಿಯಿತು. ಅಂಟಿಸಿದ್ದನ್ನು ಬಿಡಿಸುವ ಕಷ್ಟ ನನಗೆ ಗೊತ್ತು, ಆದರೆ ನನ್ನ ಗೋಂದು ಬಿಸಿನೀರಿಗಾದರೂ ಬಿಡುತ್ತದೆ.

ಸಮಿತಿ ಎಲ್ಲಿದೆ, ಅದರಲ್ಲಿ ಯಾರಿದ್ದಾರೆ ನಮಗೆ ಗೊತ್ತಿಲ್ಲ. ಉತ್ತರ ನಾಲ್ಕು ತಿಂಗಳಿಗೆ ಬಂತು. ಬದಲಾವಣೆಗೆ ಫಾರಂ ತುಂಬಿ ಎಂದಿದ್ದರು. ಫಾರಮ್ಮಿನಲ್ಲಿ ಕಾರಣ ಬರೆಯುವ ಜಾಗವಿರಲಿಲ್ಲ, ಆರಿಸಿಕೊಳ್ಳುವ ಪಟ್ಟಿಯಿತ್ತು: ಮುದ್ರಣದೋಷ, ವಿವಾಹ, ಕಾವ್ಯನಾಮ, ಮರಣ. ಗಂಡನ ಮನೆ ಬಿಟ್ಟು ಬಂದವರಿಗೆ ಅದರಲ್ಲಿ ಜಾಗವಿಲ್ಲ. ಚೀಟಿಯಕ್ಕ ಎಲ್ಲವನ್ನೂ ಖಾಲಿ ಬಿಟ್ಟು ಅಂಚಿನಲ್ಲಿ ವಿವರ ಬರೆದಳು. ಅಪೂರ್ಣವೆಂದು ವಾಪಸು ಬಂತು. ಎರಡನೇ ಸಲ, 'ವಿವಾಹ' ಎಂಬುದಕ್ಕೆ ಗುರುತು ಹಾಕಿ ಕಳಿಸಿದಳು. ವಿವಾಹದ ನಂತರದ ಹೆಸರೇ ಈಗಾಗಲೇ ದಾಖಲೆಯಲ್ಲಿದೆ, ಧನ್ಯವಾದಗಳು ಎಂದು ಉತ್ತರ ಬಂತು. ಆ ದಿನ ಬುಟ್ಟಿಯಲ್ಲಿ ಮೂರು ಪೆನ್ಸಿಲ್.

ಶಾಲೆಯ ಹಾಜರಿ ಪುಸ್ತಕದ ಪ್ರತಿ ಕಳಿಸಿದಳು, ಮೂವತ್ತು ವರ್ಷದ್ದು. ಕೈಬರಹ, ಆಧಾರವಾಗುವುದಿಲ್ಲ ಎಂದರು. ದೊಡ್ಡಮ್ಮನ ಗುರುತಿನ ಚೀಟಿ ಕಳಿಸಿದಳು. ಖಾಸಗಿ ದಾಖಲೆಗಳನ್ನು ದಯವಿಟ್ಟು ಕಳುಹಿಸಬೇಡಿ ಎಂದರು. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಎಂದು ನಾವು ಕೇಳಬಹುದು; ಅವರಿಗೆ ಕನ್ನಡಿ ಮಾತ್ರ ಸಾಲದು, ಕನ್ನಡಿಯೂ ಅಚ್ಚಾಗಿರಬೇಕು. ಆ ನಿಯಮವನ್ನು ಹತ್ತು ಕಾಗದದಲ್ಲಿ ಹತ್ತು ರೀತಿ ಹೇಳಿದರು. ಲೇಖಕರ ಹೆಸರಿಗೆ ಅಚ್ಚಾದ ಪುಸ್ತಕವೇ ಆಧಾರ. ದೊಡ್ಡಮ್ಮ ಸ್ವಂತ ಹೆಸರಿನಲ್ಲಿ ಬದುಕಿದ ವರ್ಷಗಳು ಅಚ್ಚಾಗಿರಲಿಲ್ಲ, ಆದ್ದರಿಂದ ಲೆಕ್ಕಕ್ಕಿಲ್ಲ. ಅಚ್ಚಾದದ್ದು ಆ ಆರು ವರ್ಷ.

ನಮ್ಮ ಮೇಲಧಿಕಾರಿಗಳ ಹತ್ತಿರ ಹೋದಳು. ಅವರದು ಯಾವಾಗಲೂ ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. "ನೀವು ಹೇಳೋದೂ ಸರಿ, ಅವ್ರು ಹೇಳೋದೂ ತಪ್ಪಲ್ಲ. ಹೇಗಿದ್ರೂ ಪುಸ್ತಕ ಸಿಗುತ್ತಲ್ಲ ಅಮ್ಮಾ" ಎಂದರು. ಪುಸ್ತಕ ಸಿಗುತ್ತದೆ. ಬರೆದವಳು ಸಿಗುವುದಿಲ್ಲ. ಇದನ್ನು ಅವಳು ಅವರೆದುರು ಹೇಳಲಿಲ್ಲ, ಕೆಳಗೆ ಬಂದು ನನ್ನೆದುರು ಹೇಳಿದಳು.

ನಡುವೆ ಒಂದು ಸಲ ಗೆದ್ದಳು ಕೂಡ. ಕೂಟದ ವಿಷಯಪಟ್ಟಿಯಲ್ಲಿ ದೊಡ್ಡಮ್ಮನ ಪುಸ್ತಕ ಗೃಹಕೃತ್ಯದ ಕೆಳಗಿತ್ತು, ಪಾತ್ರೆ ತೊಳೆಯುವುದು, ಹಾಸಿಗೆ ಹಾಸುವುದು ಇವುಗಳ ಜೊತೆ. ಅದೇ ಕೆಲಸದ ಬಗ್ಗೆ ಗಂಡಸರು ಬರೆದ ಪುಸ್ತಕಗಳು ಉಡುಪು ಉದ್ಯಮದ ಕೆಳಗೆ. ಮೂವತ್ತು ವರ್ಷ ದೊಡ್ಡಮ್ಮನ ಕೈಯಲ್ಲಿ ಕಲಿತವರು ಅಂಗಡಿ ಇಟ್ಟರು, ಕಾರ್ಖಾನೆಗೆ ಹೋದರು, ಸಂಸಾರ ಸಾಕಿದರು, ಅದು ಗೃಹಕೃತ್ಯವಂತೆ. ಚೀಟಿಯಕ್ಕ ನಾಲ್ಕು ವರ್ಷ ಬರೆದೂ ಬರೆದೂ ಅದನ್ನು ಬದಲಾಯಿಸಿದಳು. ಓಡಿಹೋಗಿ ದೊಡ್ಡಮ್ಮನಿಗೆ ಹೇಳಿದಳು. "ಒಳ್ಳೇದು. ಅವನ ಹೆಸರು ಉದ್ಯಮಕ್ಕೆ ಬಂತು ಹಾಗಾದ್ರೆ" ಎಂದರಂತೆ ದೊಡ್ಡಮ್ಮ, ದಾರ ಹಲ್ಲಿನಿಂದ ಕಡಿಯುತ್ತ.

ಅವರು ಜಗಳ ಮಾಡಿದ್ದರೆ ಚೀಟಿಯಕ್ಕನಿಗೆ ಹಗುರವಾಗುತ್ತಿತ್ತು. ಮಾಡಲಿಲ್ಲ. ಅದೇ ಎರಡು ಕೋಣೆಯಲ್ಲಿ ದಿನಾ ಊಟ ಬಡಿಸಿದರು, ಜ್ವರ ಬಂದರೆ ಹಣೆ ಮುಟ್ಟಿ ನೋಡಿದರು, ಪುಟ್ಟಿ ಎಂದೇ ಕರೆದರು. ಆದರೆ ಗ್ರಂಥಾಲಯದಲ್ಲಿ ಇವತ್ತೇನಾಯಿತು ಎಂದು ದಿನಾ ಕೇಳುತ್ತಿದ್ದವರು ಕೇಳುವುದನ್ನು ಬಿಟ್ಟರು. ಅದೊಂದೇ ಶಿಕ್ಷೆ. ಮಾಡಿದ್ದುಣ್ಣೋ ಮಹರಾಯ ಎನ್ನುವುದು ಸುಲಭ, ಹದಿನೆಂಟು ವರ್ಷ ಅದನ್ನು ಎದುರಿನ ಮೇಜಿನಿಂದ ನೋಡುವುದು ಸುಲಭವಲ್ಲ.

ಮೂರು ವರ್ಷದ ಹಿಂದೆ ನಾನೇ ಹೇಳಿದೆ. "ಅಕ್ಕ, ಅವ್ರಿಗೆ ಅಚ್ಚು ಬೇಕು ಅಷ್ಟೇ ತಾನೆ? ಅಚ್ಚು ಹಾಕ್ಸೋಣ. ದೊಡ್ಡಮ್ಮನ ಕೈಲಿ ಇನ್ನೊಂದು ಪುಸ್ತಕ ಬರ್ಸಿ, ಸಣ್ಣದು. ಮುದ್ರಣಾಲಯದೋನು ನನ್ನ ಸ್ನೇಹಿತ, ಬೈಂಡು ನಂದು. ಆಗ ತೀರ ಇತ್ತೀಚಿನ ಹೆಸರು ಯಾವುದಾಗುತ್ತೆ?"

ಚೀಟಿಯಕ್ಕ ಪೆನ್ಸಿಲ್ ಕೆಳಗಿಟ್ಟಳು. ಇಷ್ಟು ವರ್ಷ ನಿಯಮ ಓದಿದವಳಿಗೆ ಇದು ಹೊಳೆದಿರಲಿಲ್ಲ, ದಬ್ಬಳ ಹಿಡಿದವನಿಗೆ ಹೊಳೆಯಿತು. ಅದನ್ನು ನಾನು ಈಗಲೂ ತಿಂಗಳಿಗೊಮ್ಮೆ ನೆನಪಿಸುತ್ತೇನೆ.

ದೊಡ್ಡಮ್ಮನಿಗೆ ಆಗ ಎಪ್ಪತ್ತೈದು. ಕೈ ಸ್ವಲ್ಪ ನಡುಗುತ್ತಿತ್ತು, ಕಣ್ಣು ಮಾತ್ರ ಸೂಜಿಯಷ್ಟೇ ಚುರುಕು. ಕಾರಣ ಹೇಳದೆ ಕೇಳಿದೆವು: ಹಳೆಯ ಬಟ್ಟೆಯನ್ನು ಬಿಚ್ಚಿ ಹೊಸ ಬಟ್ಟೆ ಮಾಡುವ ವಿದ್ಯೆ ನಿಮಗೊಬ್ಬರಿಗೇ ಗೊತ್ತು, ಬರೆದುಕೊಡಿ. ಅವರು ಬರೆದರು. ಮೂವತ್ತೆರಡು ಪುಟ. ಸ್ವಂತ ಹೆಸರಿನಲ್ಲಿ ಅಚ್ಚಾಯಿತು. ನೂರು ಪ್ರತಿ ನಾನೇ ಹೊಲಿದೆ. ಒಂದನ್ನು ನಮ್ಮ ಗ್ರಂಥಾಲಯದ ಕಪಾಟಿನಲ್ಲಿಟ್ಟು, ದಾಖಲೆ ಮಾಡಿ, ಚೀಟಿಯಕ್ಕ ಕೂಟಕ್ಕೆ ಕಳಿಸಿದಳು.

ಐದು ತಿಂಗಳಿಗೆ ಸಮಿತಿಯಿಂದ ಉತ್ತರ. ಚೀಟಿಯಕ್ಕ ಅದನ್ನು ಓದಿ ನನ್ನ ಮೇಜಿನ ಮೇಲಿಟ್ಟು ಹೊರಗೆ ಹೋದಳು. ನಾನು ಓದಿದೆ. ಹೊಸ ಲೇಖಕಿಯನ್ನು ಕೂಟಕ್ಕೆ ಸಂತೋಷದಿಂದ ಸೇರಿಸಿಕೊಂಡಿದ್ದೇವೆ, ಹೊಸ ಸಂಖ್ಯೆ ಇದು, ಎಂದಿತ್ತು. ದೊಡ್ಡಮ್ಮ ಮತ್ತೆ ಇಬ್ಬರಾಗಿದ್ದರು. ಮೂರು ಮುದ್ರಣ ಕಂಡ ಪುಸ್ತಕ ಬರೆದ ಅವನ ಮನೆಯವಳು ಒಬ್ಬಳು. ಎಪ್ಪತ್ತೈದಕ್ಕೆ ಚೊಚ್ಚಲ ಪುಸ್ತಕ ಬರೆದ, ಹಿಂದುಮುಂದಿಲ್ಲದ ಮುದುಕಿ ಒಬ್ಬಳು. ಬೆಟ್ಟ ಅಗೆದು ಇಲಿ ಹಿಡಿದಿದ್ದರೆ ಇಲಿಯಾದರೂ ಸಿಗುತ್ತಿತ್ತು. ನಮಗೆ ಸಿಕ್ಕಿದ್ದು ಎರಡನೇ ಬೆಟ್ಟ.

"ಇಬ್ರೂ ಒಬ್ರೇ ಅಂತ ನಾನು ಬರ್ದಿದೀನಲ್ಲ, ನಾಲ್ಕು ಸಲ" ಎಂದಳು ವಾಪಸು ಬಂದು. ಕಣ್ಣು ಕೆಂಪಗಾಗಿತ್ತು. "ನಾನು ಹೇಳಿದ್ದು ಆಧಾರ ಅಲ್ವಂತೆ. ಪುಸ್ತಕದಲ್ಲೇ ಲೇಖಕಿ ಹೇಳಿರ್ಬೇಕಂತೆ. ಆವತ್ತು ಸೇರಿಸೋವಾಗ ಮಾತ್ರ ನನ್ನ ಮಾತು ನಡೀತು. ಆವತ್ತು ಯಾರೂ ಆಧಾರ ಕೇಳ್ಲಿಲ್ಲ ಗೋಂದಣ್ಣ."

ಅವಳು ಹೇಳಿದ್ದು ನಿಜ, ಮತ್ತು ಅದು ಅವಳ ಮೇಲಿನ ದೂರು.

ಉಳಿದದ್ದು ಒಂದೇ ದಾರಿ. ಮೊದಲ ಪುಸ್ತಕವನ್ನು ನಾಲ್ಕನೇ ಸಲ ಅಚ್ಚು ಹಾಕಿಸಬೇಕು, ಮುನ್ನುಡಿಯಲ್ಲಿ ದೊಡ್ಡಮ್ಮನೇ ಬರೆಯಬೇಕು: ಆ ಹೆಸರಿನವಳೂ ನಾನೇ, ನನ್ನ ಹೆಸರು ಇದು ಎಂದು. ಅಂದರೆ ನಲವತ್ತಾರು ವರ್ಷ ಬಾಯಿ ಬಿಡದ ಸಂಗತಿಯನ್ನು ಅಚ್ಚಿನಲ್ಲಿ ಹೇಳಬೇಕು. ಒಂದು ಭಾನುವಾರ ಚೀಟಿಯಕ್ಕ ನನ್ನನ್ನೂ ಕರೆದುಕೊಂಡು ಹೋದಳು, ಒಬ್ಬಳೇ ಕೇಳುವ ಧೈರ್ಯವಿರಲಿಲ್ಲ. ಈ ಸಲ ಎಲ್ಲವನ್ನೂ ಬಿಡಿಸಿ ಹೇಳಿದಳು. ಫಾರಂ, ಹಾಜರಿ ಪುಸ್ತಕ, ಮೂವತ್ತೆರಡು ಪುಟದ ಪುಸ್ತಕದ ಹಿಂದಿದ್ದ ಉಪಾಯ, ಎಲ್ಲ.

ದೊಡ್ಡಮ್ಮ ಕಡ್ಡಿ ಮುರಿದಂತೆ ಹೇಳಿದರು. "ಆಗಲ್ಲ. ನನ್ನ ಮನೆ ವಿಷ್ಯ ಊರಿಗೆಲ್ಲ ಹಂಚಲ್ಲ. ನನ್ನ ಹೆಸರು ನಂದು ಅನ್ನೋದಕ್ಕೆ ನಾನ್ಯಾಕೆ ಸಾಕ್ಷಿ ಹೇಳ್ಬೇಕು?"

"ಹೇಳ್ಬಾರ್ದು ದೊಡ್ಡಮ್ಮ. ನಿನ್ನ ಕೈಲಿ ಹೇಳಿಸೋ ಹಂಗೆ ಮಾಡಿದ್ದು ನಾನು." ಎಂದಳು ಚೀಟಿಯಕ್ಕ. "ಆವತ್ತು ಒಂದು ಮಾತು ಕೇಳ್ಬೇಕಿತ್ತು. ಕೇಳ್ಲಿಲ್ಲ. ಸಂಜೆ ಮನೆಗೆ ಬಂದು ನಿನ್ನ ಪಕ್ಕದಲ್ಲೇ ಕೂತು ಊಟ ಮಾಡ್ತಿದ್ದೆ, ಆದ್ರೂ ಕೇಳ್ಲಿಲ್ಲ."

ಈ ಮಾತನ್ನು ಅವಳು ಅಲ್ಲಿಯವರೆಗೆ ಹೇಳಿರಲಿಲ್ಲವೆಂದು ನನಗೆ ಆಗ ಗೊತ್ತಾಯಿತು. ನಿಯಮ, ಸಮಿತಿ, ಫಾರಂ ಎಂದು ವರ್ಷಗಟ್ಟಲೆ ಬೈದಿದ್ದಳು, ಇದೊಂದನ್ನು ಬಿಟ್ಟು. ದೊಡ್ಡಮ್ಮ ಎದ್ದು ಹೋಗಿ ಒಲೆಯ ಮೇಲೆ ಚಹಾಕ್ಕೆ ನೀರಿಟ್ಟರು. ಕೆಳಗೆ ಅಂಗಡಿ ರಜ, ಅರದ ಸದ್ದೂ ಇರಲಿಲ್ಲ.

"ಎಷ್ಟು ಸಾಲು ಬೇಕು?" ಎಂದು ಕೇಳಿದರು ತಿರುಗದೆಯೇ.

ಮೂರು ಸಾಲು ಬರೆದುಕೊಟ್ಟರು, ಬಟ್ಟೆಯ ಮೇಲೆ ಗುರುತು ಹಾಕುವ ಪೆನ್ಸಿಲಿನಲ್ಲಿ. ನನಗೆ ಬಾಯಿಪಾಠವಾಗಿದೆ: 'ಈ ಪುಸ್ತಕದ ಎರಡನೆಯ ಮತ್ತು ಮೂರನೆಯ ಮುದ್ರಣಗಳ ಮೇಲಿರುವ ಹೆಸರನ್ನು ನನ್ನನ್ನು ಕೇಳದೆ ಹಾಕಿದ್ದರು. ಬರೆದವಳು ನಾನೇ. ನನ್ನ ಹೆಸರು ಮೊದಲ ಮುದ್ರಣದಲ್ಲಿ ಇದ್ದದ್ದೇ.'

ನಾಲ್ಕನೇ ಮುದ್ರಣ ಬಂತು, ಕೂಟಕ್ಕೆ ಹೋಯಿತು. ಸಮಿತಿ ಸುಮ್ಮನೆ ಒಪ್ಪುವುದುಂಟೆ? ಮುನ್ನುಡಿಗೆ ಸಹಿ ಇಲ್ಲ ಎಂದರು. ಪ್ರಕಾಶಕರ ವಿಳಾಸ ಕೇಳಿದರು. ನನ್ನ ಮನೆಯ ವಿಳಾಸ ಕೊಟ್ಟೆವು. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣ ಕಿವಿಯನ್ನಾದರೂ ಅಲ್ಲಾಡಿಸುತ್ತದೆ. ಇವರು ಎಂಟು ತಿಂಗಳು ಅದನ್ನೂ ಮಾಡಲಿಲ್ಲ. ಹೋದ ತಿಂಗಳು ಒಂದು ಮಧ್ಯಾಹ್ನ, ಸಮಿತಿ ಮನವಿಯನ್ನು ಅಂಗೀಕರಿಸಿದೆ ಎಂದು ಒಂದೇ ಸಾಲು ಬಂತು. ಚೀಟಿಯಕ್ಕ ಅದನ್ನು ಮೂರು ಸಲ ಓದಿದಳು. ನಗಲಿಲ್ಲ. ಪರದೆಯ ಮೇಲೆ ದಾಖಲೆ ತೆರೆದಳು. ಮೇಲಿನ ಸಾಲಿನಲ್ಲಿ ದೊಡ್ಡಮ್ಮನ ಸ್ವಂತ ಹೆಸರು. ಆಧಾರ ಎಂಬ ಜಾಗದಲ್ಲಿ, ನಿಯಮದಂತೆ, ಮುನ್ನುಡಿಯ ಮಾತು ಅಕ್ಷರ ಬಿಡದೆ. ಆದರೆ ಅವಳು ಒಂದೊಂದೇ ದೇಶವನ್ನು ತೆರೆದು ನೋಡತೊಡಗಿದಳು. ಮೂವತ್ತೆಂಟರಲ್ಲಿ ಇಪ್ಪತ್ತೊಂಬತ್ತು ಬದಲಾಯಿಸಿಕೊಂಡಿದ್ದವು. ಒಂಬತ್ತು ಕಡೆ ಹಳೆಯದೇ.

"ಅವ್ರದ್ದು ವರ್ಷಕ್ಕೊಂದ್ಸಲ ಬದಲಾಯ್ಸೋ ಪದ್ಧತಿಯಂತೆ" ಎಂದಳು. ಪೆನ್ಸಿಲ್ ಕೈಗೆ ಬಂತು.

ಸಂಜೆ ದೊಡ್ಡಮ್ಮನ ಮನೆಗೆ ಅದರ ಪ್ರತಿ ಹಿಡಿದುಕೊಂಡು ಹೋದೆವು. ಈ ಸಲ ಚೌಕಟ್ಟು ಕಟ್ಟಲಿಲ್ಲ. ಎಪ್ಪತ್ತೆಂಟರ ದೊಡ್ಡಮ್ಮ ಬೆರಳಿಟ್ಟು ಓದಿದರು, ಮೇಲಿನ ಸಾಲು, ಆಮೇಲೆ ಕೆಳಗಿನದು.

"ಅವನದು ಇನ್ನೂ ಇದ್ಯಲ್ಲ ಇಲ್ಲಿ."

"ಅದು ಹೋಗಲ್ಲ ದೊಡ್ಡಮ್ಮ. ಒಂದ್ಸಲ ಸೇರಿದ ಹೆಸರನ್ನ ಅವ್ರು ಅಳಿಸೋದೇ ಇಲ್ಲ. ಹಳೇ ಪುಸ್ತಕ ಹಿಡ್ಕೊಂಡು ಯಾರಾದ್ರೂ ಆ ಹೆಸರಲ್ಲಿ ಹುಡುಕಿದ್ರೆ, 'ಇವರನ್ನು ನೋಡಿ' ಅಂತ ನಿನ್ನ ಹೆಸರು ತೋರಿಸುತ್ತೆ."

"ನನ್ನ ಮನೆ ದಾರಿ ತೋರಿಸುತ್ತೆ ಅನ್ನು." ದೊಡ್ಡಮ್ಮನ ಬಾಯಿ ಒಂದು ಬದಿಗೆ ಏರಿತು. "ಇಷ್ಟು ವರ್ಷಕ್ಕೆ ಒಂದು ಕೆಲಸಕ್ಕೆ ಬಂತು ಅದು."

ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಚೀಟಿಯಕ್ಕ ನಗಲಿಲ್ಲ. ಚೀಲದಿಂದ ಉದ್ದನೆಯ ನೋಟ್‌ಬುಕ್ಕು ತೆಗೆದು ಮಷೀನಿನ ಮೇಲಿಟ್ಟಳು. ಎಡಕ್ಕೆ ಹಳೆಯ ಹೆಸರು, ಬಲಕ್ಕೆ ಹೊಸದು, ಕೆಳಗೆ ತಾರೀಖು. ಅದನ್ನು ಅವಳು ಯಾಕೆ ತಂದಿದ್ದಾಳೆಂದು ನನಗೆ ಗೊತ್ತಿರಲಿಲ್ಲ.

"ಮುನ್ನೂರ ಹನ್ನೆರಡು ಜನ" ಎಂದಳು. "ಎಲ್ಲಾ ನಾನೇ ಸೇರಿಸಿದ್ದು. ಯಾರು ಮದುವೆಯಾಗಿ ಹೆಸರು ಬದಲಾಯ್ಸಿದ್ರು, ಯಾರು ಬಿಟ್ಟು ಬಂದ್ರು, ಯಾರ ಹೆಸರನ್ನ ಪ್ರಕಾಶಕ ಬದಲಾಯ್ಸಿದ, ನನಗೇನೂ ಗೊತ್ತಿಲ್ಲ. ಕೊನೇ ಪುಸ್ತಕ ನೋಡ್ದೆ, ಸೇರಿಸ್ದೆ. ನಿನಗಾದ್ರೆ ನಾನಿದ್ದೆ, ಹದಿನೆಂಟು ವರ್ಷ ಹಿಡೀತು. ನನಗೆ ಉಳಿದಿರೋದು ಮೂರು ವರ್ಷ."

ದೊಡ್ಡಮ್ಮ ಕನ್ನಡಕ ಸರಿಮಾಡಿಕೊಂಡು ಮೊದಲ ಪುಟ ತೆರೆದರು. ಮೊದಲ ಸಾಲಿನ ಎಡಗಡೆಯ ಹೆಸರನ್ನು ನಿಧಾನವಾಗಿ, ತರಗತಿಯಲ್ಲಿ ಹಾಜರಿ ಕರೆದಂತೆ, ಗಟ್ಟಿಯಾಗಿ ಓದಿದರು.

"ಈಕೆ ಇದಾಳಾ?"

"ಗೊತ್ತಿಲ್ಲ ದೊಡ್ಡಮ್ಮ."

ದೊಡ್ಡಮ್ಮ ಮಷೀನಿನ ಖಾನೆಯಿಂದ ಗುರುತು ಹಾಕುವ ಪೆನ್ಸಿಲ್ ತೆಗೆದು ಅವಳ ಕೈಗೆ ಕೊಟ್ಟರು.

"ಹುಡುಕು" ಎಂದರು. "ಸಿಕ್ಕಿದ್ರೆ ನೀನೇ ಏನೂ ಮಾಡೋಕೆ ಹೋಗ್ಬೇಡ ಪುಟ್ಟಿ. ಮೊದ್ಲು ಅವಳನ್ನ ಕೇಳು."